ಪಂಜಾಬಿ ಪ್ರೇಮ-ಹಾಸ್ಯ ಸಿನಿಮಾ: ಮೊದಲು ಯಾವುದು ನೋಡೋದು, ಯಾವುದರ ಹಾಡು ಕೇಳೋದು

ಮದುವೆಯ ಸಂಗೀತ್ ರಾತ್ರಿಯಲ್ಲೋ, ಜಿಮ್ಮಿನಲ್ಲೋ, ರೀಲ್ಸ್‌ನಲ್ಲೋ ಒಂದು ಪಂಜಾಬಿ ಹಾಡು ಕಿವಿಗೆ ಬೀಳುತ್ತದೆ. ಯಾವ ಸಿನಿಮಾದ್ದು ಎಂದು ಹುಡುಕಿ, ಭಾನುವಾರ ಮಧ್ಯಾಹ್ನ ಮನೆಯವರನ್ನೆಲ್ಲ ಕೂರಿಸಿ ಹಾಕಿದರೆ ಅರ್ಧ ಗಂಟೆಗೆಲ್ಲ ಒಬ್ಬೊಬ್ಬರೇ ಎದ್ದು ಹೋಗಿರುತ್ತಾರೆ. ತಪ್ಪು ಸಿನಿಮಾದ್ದಲ್ಲ, ಆರಿಸಿದ ರೀತಿಯದ್ದು. ಪಂಜಾಬಿಯಲ್ಲಿ ಹಾಡು ಚೆನ್ನಾಗಿದೆ ಎಂಬುದರಿಂದ ಸಿನಿಮಾ ಹೇಗಿದೆ ಎಂದು ಏನೂ ಗೊತ್ತಾಗುವುದಿಲ್ಲ.

ಕಾರಣ ಸರಳ. ಅಲ್ಲಿ ಹೆಚ್ಚಿನ ಹೀರೋಗಳು ಮೊದಲು ಗಾಯಕರು. ದಿಲ್‌ಜೀತ್ ದೋಸಾಂಝ್, ಗಿಪ್ಪಿ ಗ್ರೆವಾಲ್, ಅಮರಿಂದರ್ ಗಿಲ್, ಎಮ್ಮಿ ವಿರ್ಕ್ ಎಲ್ಲರೂ ಹಾಡಿ ಹೆಸರು ಮಾಡಿ, ಆಮೇಲೆ ಪರದೆಗೆ ಬಂದವರು. ನಮ್ಮಲ್ಲಿ ಡಾ. ರಾಜ್‌ಕುಮಾರ್ ತಮ್ಮ ಹಾಡು ತಾವೇ ಹಾಡಿದ್ದು ಇಂದಿಗೂ ವಿಶೇಷವಾಗಿ ಹೇಳುವ ಮಾತು. ಅಲ್ಲಿ ಅದೇ ರೂಢಿ. ಹಾಗಾಗಿ ಹಾಡು ಸಿನಿಮಾಕ್ಕಿಂತ ಮುಂಚೆ ಬಂದು, ತನ್ನ ಪಾಡಿಗೆ ಓಡಿ, ಸಿನಿಮಾ ಬಿದ್ದರೂ ಬದುಕುತ್ತದೆ. ಪಂಜಾಬಿ ಬಾರದ ಕನ್ನಡದವರು ಕೇಳಬೇಕಾದ ಪ್ರಶ್ನೆ ಬೇರೆ: ಈ ಸಿನಿಮಾದ ನಗು ಸಬ್‌ಟೈಟಲ್ ದಾಟಿ ನಮ್ಮ ತನಕ ಬರುತ್ತದೆಯೇ? ಅದನ್ನೇ ಅಳತೆಗೋಲು ಮಾಡಿಕೊಂಡು ಐದು ಚಿತ್ರಗಳನ್ನು ಎದುರುಬದುರು ಇಟ್ಟು ನೋಡೋಣ.

2012ರ ಎರಡು: ಜಟ್ಟ್ ಆ್ಯಂಡ್ ಜೂಲಿಯೆಟ್, ಕ್ಯಾರಿ ಆನ್ ಜಟ್ಟಾ

ಎರಡೂ ಒಂದೇ ಬೇಸಿಗೆಯಲ್ಲಿ, ಒಂದು ತಿಂಗಳೂ ಪೂರ್ತಿ ಅಂತರವಿಲ್ಲದೆ ಬಂದವು: ಮೊದಲನೆಯದು ಜೂನ್ 29ಕ್ಕೆ, ಎರಡನೆಯದು ಜುಲೈ 27ಕ್ಕೆ. ಎರಡೂ ಭರ್ಜರಿಯಾಗಿ ಓಡಿದವು, ಎರಡಕ್ಕೂ ಮೂರು ಮೂರು ಭಾಗಗಳಾದವು, ಎರಡರ ಹೆಸರಲ್ಲೂ ‘ಜಟ್ಟ’ ಇದ್ದಾನೆ. ಹೊರಗಿನವರು ಇವನ್ನು ಒಂದೇ ಎಂದು ತಿಳಿಯುವುದು ಸಹಜ. ನೋಡುವ ಅನುಭವದಲ್ಲಿ ಮಾತ್ರ ಅಜಗಜಾಂತರ. (ಜಟ್ಟ ಎಂದರೆ ಅಲ್ಲಿ ಹೊಲ ಉಳುವ, ಜಮೀನು ಇರುವ ಸಮುದಾಯದವನು. ಹೆಸರಿನಲ್ಲೇ ಜಾತಿ ಇಟ್ಟುಕೊಂಡು ಮೆರೆಯುವ ಈ ಪರಿ ಎಲ್ಲರಿಗೂ ಹಿಡಿಸಬೇಕೆಂದಿಲ್ಲ.)

ಜಟ್ಟ್ ಆ್ಯಂಡ್ ಜೂಲಿಯೆಟ್ ನಿರ್ದೇಶಿಸಿದವರು ಅನುರಾಗ್ ಸಿಂಗ್. ದಿಲ್‌ಜೀತ್ ಇಲ್ಲಿ ಫತೇಹ್ ಸಿಂಗ್. ಕೆನಡಾದ ಹುಡುಗಿಯನ್ನು ಮದುವೆಯಾಗಿ ಅಲ್ಲಿ ನೆಲೆಯೂರುವುದು ಬಿಟ್ಟರೆ ಅವನಿಗೆ ಬೇರೆ ಗುರಿಯಿಲ್ಲ. ನೀರೂ ಬಾಜ್ವಾ ಮಾಡಿರುವ ಪೂಜಾ ಜತೆ ಮೊದಲ ಭೇಟಿಯಲ್ಲೇ ಜಗಳ. ಕೆನಡಾ ತಲುಪಿದ ಮೇಲೂ ಇಬ್ಬರಿಗೂ ಒಬ್ಬರನ್ನೊಬ್ಬರು ಬಿಟ್ಟು ಗತಿಯಿಲ್ಲ. ಹಳೆಯ ಸೂತ್ರವೇ. ಆದರೆ ನಗು ಇರುವುದು ಪ್ರಸಂಗದಲ್ಲಿ ಮತ್ತು ದಿಲ್‌ಜೀತ್ ಮುಖದಲ್ಲಿ. ಅವನಿಗೆ ಇಂಗ್ಲಿಷ್ ಬಾರದೆ ತಡವರಿಸುವುದು, ಸೋತರೂ ಮೀಸೆ ಮಣ್ಣಾಗಿಲ್ಲ ಎನ್ನುವ ಗತ್ತು, ಇವನ್ನು ಯಾರೂ ಅನುವಾದ ಮಾಡಿ ಕೊಡಬೇಕಿಲ್ಲ. ಮೊದಲ ಸಲ ಪಂಜಾಬಿ ಸಿನಿಮಾ ನೋಡುವವರಿಗೆ ಇದೇ ಸಲೀಸು.

ಹಾಡುಗಳೂ ಹಾಗೆಯೇ. ‘ಮೈಂ ತಾಂ ಐದಾಂ ಹೀ ನಚ್ಚಣಾ’ ಎಂದರೆ ‘ನಾನು ಹೀಗೇ ಕುಣಿಯೋದು’. ‘ಪೂಜಾ ಕಿವೇಂ ಆ’ ಎಂದರೆ ‘ಪೂಜಾ, ಹೇಗಿದ್ದಿ’. ಸಾಲು ಚಿಕ್ಕದು, ಮತ್ತೆ ಮತ್ತೆ ಬರುತ್ತದೆ, ಎರಡನೇ ಸಲಕ್ಕೆ ಬಾಯಿಗೆ ಬಂದಿರುತ್ತದೆ. ಸಂಗೀತ ದೊಡ್ಡದೇನಲ್ಲ, ಕತೆಗೆ ಅಡ್ಡ ಬರುವುದಿಲ್ಲ, ಅಷ್ಟು ಸಾಕು. 2013ರ ಎರಡನೇ ಭಾಗದಲ್ಲಿ ನಾಯಕ ಪಂಜಾಬ್ ಪೊಲೀಸ್ ಪೇದೆ. 2024ರ ಮೂರನೇ ಭಾಗವನ್ನು ನಿರ್ದೇಶಿಸಿದವರು ಜಗದೀಪ್ ಸಿದ್ಧು. ಜೋಡಿ ಅದೇ, ಆದರೆ ಮೂರಕ್ಕೂ ಕತೆ ಬೇರೆ. ಕ್ರಮವಾಗಿ ನೋಡಬೇಕಿಲ್ಲ.

ಇನ್ನು ಸ್ಮೀಪ್ ಕಂಗ್ ನಿರ್ದೇಶನದ ಕ್ಯಾರಿ ಆನ್ ಜಟ್ಟಾ. ಮನೆಯವರೇ ಇಲ್ಲದ ಹುಡುಗನನ್ನಷ್ಟೇ ಮದುವೆಯಾಗುತ್ತೇನೆ ಎನ್ನುವ ಹುಡುಗಿಗೆ ‘ನಾನು ಅನಾಥ’ ಎಂದು ಸುಳ್ಳು ಹೇಳಿದ ಜಸ್ (ಗಿಪ್ಪಿ ಗ್ರೆವಾಲ್), ಕೊನೆಗೆ ಸ್ವಂತ ಮನೆಯಲ್ಲೇ ಬಾಡಿಗೆಯವನಾಗಿ ನಟಿಸಬೇಕಾಗುತ್ತದೆ. ಹಂದರ ಸೊಗಸಾಗಿದೆ, ಆದರೆ ಚಿತ್ರವನ್ನು ನಿಜವಾಗಿ ಹೊತ್ತವರು ಹಾಸ್ಯನಟರ ತಂಡ: ಜಸ್ವಿಂದರ್ ಭಲ್ಲಾ, ಬಿನ್ನು ಢಿಲ್ಲೋಂ, ಗುರ್‌ಪ್ರೀತ್ ಘುಗ್ಗಿ, ಬಿ.ಎನ್. ಶರ್ಮಾ. ಭಲ್ಲಾ ಲುಧಿಯಾನದ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದುಕೊಂಡೇ 1988ರಿಂದ ‘ಛಣಕಾಟಾ’ ಎಂಬ ಹಾಸ್ಯದ ಕ್ಯಾಸೆಟ್ ಸರಣಿ ಮಾಡಿ ಮನೆಮಾತಾದವರು. ಧೀರೇಂದ್ರ ಗೋಪಾಲ್ ಕ್ಯಾಸೆಟ್ ಕೇಳಿ ಬೆಳೆದ ಕನ್ನಡದವರಿಗೆ ಆ ಕಾಲ, ಆ ಬಗೆ ಎರಡೂ ಹೊಸದಲ್ಲ. ಕಣ್ಣಿಗಲ್ಲ, ಕಿವಿಗೆಂದು ಹುಟ್ಟಿದ ಹಾಸ್ಯ ಅದು. 2025ರ ಆಗಸ್ಟ್‌ನಲ್ಲಿ ಭಲ್ಲಾ ತೀರಿಕೊಂಡರು.

ತೊಂದರೆಯೂ ಅಲ್ಲೇ ಇದೆ. ವಕೀಲ ಢಿಲ್ಲೋಂ ಪಾತ್ರದಲ್ಲಿ ಭಲ್ಲಾ ಪ್ರಾಸ ಹಿಡಿದು ಮಾತಾಡುತ್ತಾರೆ: ಈ ಕರಿಕೋಟು ಸುಮ್ಮನೆ ಹಾಕಿಕೊಂಡಿಲ್ಲ ಎಂದು ಶುರುವಾಗಿ ಉಪಮೆಯ ಮೇಲೆ ಉಪಮೆ. ಸಬ್‌ಟೈಟಲ್ ಒಂದು ಸಾಲು ತೋರಿಸುವಷ್ಟರಲ್ಲಿ ಮೂರು ಜನ ಮೂರು ಮಾತು ಆಡಿ ಮುಗಿಸಿರುತ್ತಾರೆ. ಪ್ರಾಸವಂತೂ ಇಂಗ್ಲಿಷಿಗೆ ಬರುವುದೇ ಇಲ್ಲ. ಉಳಿಯುವುದು ಓಡಾಟ, ಬಾಗಿಲ ಹಿಂದೆ ಅಡಗುವುದು, ಕೂಗಾಟ. 2023ರ ಮೂರನೇ ಭಾಗ ಜಗತ್ತಿನಾದ್ಯಂತ 100 ಕೋಟಿ ರೂಪಾಯಿ ಗಳಿಕೆ ದಾಟಿದ ಭಾರತದ ಮೊದಲ ಪಂಜಾಬಿ ಚಿತ್ರ. ಆ ಅಂಕಿ ನೋಡಿ ಅದರಿಂದಲೇ ಶುರು ಮಾಡಬೇಡಿ. ಈ ಸರಣಿಯನ್ನು ಎಲ್ಲಕ್ಕಿಂತ ಕೊನೆಗೆ, ಕಿವಿ ಪಳಗಿದ ಮೇಲೆ, ಸಾಧ್ಯವಾದರೆ ಪಂಜಾಬಿ ಬಲ್ಲ ಗೆಳೆಯರ ಜತೆ ನೋಡಿ. ಹಾಡಿಗಾಗಿಯೇ ಆದರೆ 2018ರ ಎರಡನೇ ಭಾಗದ ‘ಭಂಗಡಾ ಪಾ ಲೈಯೇ’ ಕೇಳಿದರೆ ಆಯಿತು. ಕುಣಿಯಲು ಬರದವರೂ ಭುಜ ಕುಣಿಸುವಂಥದ್ದು.

ಅಂಗ್ರೇಜ್: ಹಾಡು ಕತೆಯೊಳಗೇ ಇರುವ ಚಿತ್ರ

ಐದರಲ್ಲಿ ಒಂದನ್ನೇ ಆರಿಸಿ ಎಂದರೆ ನಮ್ಮ ಬೆರಳು ಇದರ ಮೇಲೆ. 2015ರ ಜುಲೈ ಕೊನೆಯಲ್ಲಿ ಬಂತು. ಬರೆದವರು ಅಂಬರ್‌ದೀಪ್ ಸಿಂಗ್, ನಿರ್ದೇಶಕ ಸಿಮರ್‌ಜೀತ್ ಸಿಂಗ್, ಸಂಗೀತ ಜತಿಂದರ್ ಶಾಹ್. ಕತೆ ನಡೆಯುವುದು ದೇಶ ಇಬ್ಭಾಗವಾಗುವ ಮುನ್ನ, 1940ರ ದಶಕದ ಪಂಜಾಬಿನ ಹಳ್ಳಿಯಲ್ಲಿ. ‘ಅಂಗ್ರೇಜ್’ ಬ್ರಿಟಿಷರವನಲ್ಲ, ಅದು ನಾಯಕನ ಹೆಸರು. ಅಮರಿಂದರ್ ಗಿಲ್ ಮಾಡಿರುವ ಈ ಅಂಗ್ರೇಜ್‌ಗೆ ಮಾಢೋ (ಅದಿತಿ ಶರ್ಮಾ) ಮೇಲೆ ಮನಸ್ಸು. ನಡುವೆ ಅನುಕೂಲಸ್ಥರ ಮನೆಯ ಹಾಕಮ್ (ಎಮ್ಮಿ ವಿರ್ಕ್, ಅವರ ಮೊದಲ ಚಿತ್ರ) ಬರುತ್ತಾನೆ. ಆಮೇಲೆ ಧನ್ ಕೌರ್ (ಸರ್ಗುನ್ ಮೆಹ್ತಾ) ಬರುತ್ತಾಳೆ. ಮಾತಿಗೆ ಮಾತು ಕೊಡುವುದರಲ್ಲಿ ಧನ್ ಕೌರ್‌ಳನ್ನು ಮೀರಿಸುವವರು ಚಿತ್ರದಲ್ಲಿ ಇಲ್ಲ.

ಇಲ್ಲಿನ ಹಾಸ್ಯ ನಿಧಾನ. ಒಬ್ಬ ಮಾತಾಡಿ ಮುಗಿಸುತ್ತಾನೆ, ಇನ್ನೊಬ್ಬ ಒಂದು ಕ್ಷಣ ಬಿಟ್ಟು ಉತ್ತರ ಕೊಡುತ್ತಾನೆ. ಸಬ್‌ಟೈಟಲ್ ಓದಿ ಮುಖ ನೋಡುವಷ್ಟು ವ್ಯವಧಾನ ಸಿಗುತ್ತದೆ. ಊರ ಮದುವೆಯ ದೃಶ್ಯಗಳಂತೂ ನಮ್ಮ ಕಡೆಯ ಹಳೆಯ ಮದುವೆಗಳನ್ನು ಕಂಡವರಿಗೆ ತೀರಾ ಹತ್ತಿರ. ದಿಬ್ಬಣ ದಿನಗಟ್ಟಲೆ ಉಳಿಯುತ್ತಿದ್ದ ಕಾಲ. ಮಲಗಲು ಮಂಚ, ಹಾಸಿಗೆಗಳನ್ನು ಊರಿನ ಮನೆಮನೆಯಿಂದ ಒಟ್ಟು ಮಾಡುತ್ತಿದ್ದ ಕಾಲ. ಈ ಮಂಚ-ಹಾಸಿಗೆ ಸಂಗ್ರಹದ ಮೇಲೆಯೇ ಗಿಪ್ಪಿ ಗ್ರೆವಾಲ್ ನಟಿಸಿದ ‘ಮಂಜೇ ಬಿಸ್ತರೇ’ ಎಂಬ 2017ರ ಚಿತ್ರವಿದೆ.

ಹಾಡನ್ನು ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಬೇಕು. ‘ವಂಝಲೀ ವಜಾ’ ಎಂದರೆ ‘ಕೊಳಲು ನುಡಿಸು’. ಪಂಜಾಬಿನವರಿಗೆ ವಂಝಲೀ ಎಂದಾಕ್ಷಣ ನೆನಪಾಗುವವನು ರಾಂಝಾ, ಪ್ರೇಯಸಿ ಹೀರ್‌ಗಾಗಿ ಹನ್ನೆರಡು ವರ್ಷ ಎಮ್ಮೆ ಕಾದು ಕೊಳಲೂದಿದವನು. 1766ರಲ್ಲಿ ವಾರಿಸ್ ಶಾಹ್ ಬರೆದ ಆ ಕತೆ ಅಲ್ಲಿನ ಮಕ್ಕಳಿಗೂ ಗೊತ್ತು. ಹುಡುಗನಿಗೆ ‘ಕೊಳಲು ನುಡಿಸು’ ಎನ್ನುವ ಒಂದೇ ಮಾತಿನಲ್ಲಿ ಪ್ರೀತಿಯೂ ಇದೆ, ಆ ಪ್ರೀತಿ ದಡ ಸೇರುವುದು ಕಷ್ಟ ಎಂಬ ಅಳುಕೂ ಇದೆ. ‘ಕುರ್ತಾ ಸೂಹಾ’ದಲ್ಲಿ ಸೂಹಾ ಎಂದರೆ ಬರೀ ಕೆಂಪಲ್ಲ, ಮದುಮಗಳ ಕೆಂಪು. ‘ಮಿಲ್ ಕೇ ಬೈಠಾಂಗೇ’ ನಿಧಾನದ್ದು. ‘ಒಟ್ಟಿಗೆ ಕೂರೋಣ’ ಎಂಬ ಅಷ್ಟು ಸಣ್ಣ ಆಸೆಯ ಮೇಲೆ ಇಡೀ ಹಾಡು ನಿಂತಿದೆ. ಅಮರಿಂದರ್ ಕೂಗಿ ಹಾಡುವವರಲ್ಲ. ಮೊಬೈಲ್ ಸ್ಪೀಕರಿನಲ್ಲಿ ಕೇಳಿ ‘ಏನೂ ಅನ್ನಿಸಲಿಲ್ಲ’ ಎಂದು ಬಿಟ್ಟವರು ಬಹಳ ಮಂದಿ.

ಇಂಥ ಚಿತ್ರಗಳ ಮದುವೆ ದೃಶ್ಯಗಳಲ್ಲಿ ಮೂರು ಬಗೆಯ ಜಾನಪದ ಹಾಡು ಬರುತ್ತವೆ, ಗುರುತಿಟ್ಟುಕೊಂಡರೆ ಒಳ್ಳೆಯದು. ಬೋಲಿಯಲ್ಲಿ ಒಬ್ಬಳು ಸಾಲು ಎತ್ತುತ್ತಾಳೆ, ಕೊನೆಯ ಭಾಗವನ್ನು ಎಲ್ಲರೂ ಹಿಡಿದು ಚಪ್ಪಾಳೆ ತಟ್ಟಿ ಗಿದ್ಧಾ ಕುಣಿಯುತ್ತಾರೆ. ಟಪ್ಪಾ ನಮ್ಮ ತ್ರಿಪದಿಯ ಹಾಗೆ ಮೂರು ಸಾಲಿನದು. ಆದರೆ ಮೊದಲ ಸಾಲಿಗೆ ಎಷ್ಟೋ ಸಲ ಮುಂದಿನದರ ಜತೆ ಅರ್ಥದ ಸಂಬಂಧವೇ ಇರುವುದಿಲ್ಲ, ಮೂರನೆಯದಕ್ಕೆ ಪ್ರಾಸ ಒದಗಿಸಲಷ್ಟೇ ಅದು ಬಂದಿರುತ್ತದೆ. ಸಬ್‌ಟೈಟಲ್‌ನಲ್ಲಿ ಅಸಂಬದ್ಧ ಸಾಲು ಕಂಡರೆ ಅನುವಾದ ಕೆಟ್ಟಿದೆ ಎಂದುಕೊಳ್ಳಬೇಡಿ, ಮೂಲವೇ ಹಾಗೆ. ಮೂರನೆಯದು ಸಿಠ್ಠಣಿ, ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಹಾಡಿ ಹಂಗಿಸುವುದು. ನಮ್ಮ ಬೀಗರ ಜರೆಯುವ ಹಾಡು ಗೊತ್ತಿದ್ದವರಿಗೆ ಇದಕ್ಕೆ ವಿವರಣೆ ಬೇಕಿಲ್ಲ.

ಲೌಂಗ್ ಲಾಚಿ: ಹಾಡು ಬೆಟ್ಟ, ಸಿನಿಮಾ ಗುಡ್ಡ

2018ರ ಮಾರ್ಚ್‌ನಲ್ಲಿ ಬಂದ ಈ ಚಿತ್ರದ ಶೀರ್ಷಿಕೆ ಗೀತೆ ಯೂಟ್ಯೂಬ್‌ನಲ್ಲಿ 100 ಕೋಟಿ ವೀಕ್ಷಣೆ ಮುಟ್ಟಿದ ಮೊದಲ ಭಾರತೀಯ ಹಾಡು. ಹಾಡಿದವರು ಮನ್ನತ್ ನೂರ್, ಸಂಗೀತ ಗುರ್ಮೀತ್ ಸಿಂಗ್, ಸಾಹಿತ್ಯ ಹರ್ಮನ್‌ಜೀತ್. ಈ ಹರ್ಮನ್‌ಜೀತ್ ಸಿನಿಮಾ ಹಾಡಿನವರಷ್ಟೇ ಅಲ್ಲ, ಕವಿ. ‘ರಾಣೀ ತತ್ತ್’ ಸಂಕಲನಕ್ಕೆ 2017ರ ಸಾಹಿತ್ಯ ಅಕಾಡೆಮಿ ಯುವ ಪುರಸ್ಕಾರ ಬಂದಿದೆ. ಹಾಡಿನ ತಿರುಳು ಒಂದೇ ಮಾತು: ನೀನು ಲವಂಗ, ನಾನು ಏಲಕ್ಕಿ. ಪಂಜಾಬಿಯಲ್ಲಿ ಲೌಂಗ್ ಎಂದರೆ ಮೂಗುಬೊಟ್ಟೂ ಹೌದು, ಆ ಎರಡನೇ ಅರ್ಥ ಕನ್ನಡದಲ್ಲಿ ಹೇಳುವಾಗ ಜಾರಿ ಹೋಗುತ್ತದೆ. ಪಂಜಾಬಿನಲ್ಲಿ ಎರಡೂ ಬೆಳೆಯುವುದಿಲ್ಲ ಎನ್ನುವುದು ತಮಾಷೆ. ಏಲಕ್ಕಿ ನಮ್ಮ ಘಟ್ಟದ ಸಾಲಿನದು, ಹಾವೇರಿಯಲ್ಲಿ ಹಾರವಾಗುವಂಥದ್ದು.

2019ರ ಹಿಂದಿ ಚಿತ್ರ ‘ಲುಕಾ ಛುಪ್ಪಿ’ಯಲ್ಲಿ ಇದೇ ಹಾಡು ತುಳಸಿ ಕುಮಾರ್ ದನಿಯಲ್ಲಿ ಮರುಹುಟ್ಟು ಪಡೆಯಿತು. ನಿಮ್ಮ ಪ್ಲೇಲಿಸ್ಟ್‌ನಲ್ಲಿರುವುದು ಯಾವುದು ಎಂದು ನೋಡಲು ಸುಲಭ ಗುರುತು: ‘ಲಾಚಿ’ ಎಂದರೆ ಪಂಜಾಬಿ, ‘ಇಲಾಚಿ’ ಎಂದರೆ ಹಿಂದಿ. ಮೂಲದ್ದೇ ಕೇಳಿ. ಮನ್ನತ್ ನೂರ್ ದನಿಯ ಗಡಸಿನಲ್ಲಿ ಹಳ್ಳಿಯ ಹೆಣ್ಣುಮಗಳಿದ್ದಾಳೆ.

ಸಿನಿಮಾ? ಬರೆದು ನಿರ್ದೇಶಿಸಿದವರು ಅಂಗ್ರೇಜ್ ಬರೆದ ಅದೇ ಅಂಬರ್‌ದೀಪ್. ಎಮ್ಮಿ ವಿರ್ಕ್, ನೀರೂ ಬಾಜ್ವಾ ಜೋಡಿ. ಮದುವೆಯೇನೋ ಆಯಿತು, ಪ್ರೀತಿಯ ಹಿಂದೆ ಅಲೆಯುವ ಸುಖ ಸಿಗಲಿಲ್ಲವಲ್ಲ ಎಂದು ಹೆಂಡತಿ ಗಂಡನಿಗೆ ಅಪರಿಚಿತನ ಹಾಗೆ ತನ್ನ ಹಿಂದೆ ಬೀಳು ಎನ್ನುತ್ತಾಳೆ. ಎಳೆ ಬಹಳ ಚೆಂದದ್ದು. ಆದರೆ ಸಣ್ಣ ಎಳೆಯನ್ನು ಎಳೆದೆಳೆದು ಹಿಗ್ಗಿಸಿದ್ದಾರೆ. ಹಾಡಿನ ಬೆನ್ನು ಹತ್ತಿ ಬಂದವರಿಗೆ ನಿರಾಸೆ ಆಗುವುದು ಹೆಚ್ಚು. ಹೊಸದಾಗಿ ಮದುವೆಯಾದವರಿಗೆ ಮಾತ್ರ ಧಾರಾಳವಾಗಿ ಹೇಳಬಹುದು.

ಬಂಬೂಕಾಟ್: ಷಡ್ಡಕರ ಕತೆ

ಪಂಕಜ್ ಬತ್ರಾ ನಿರ್ದೇಶನ, 2016. ಕಾಲ 1960ರ ಆಸುಪಾಸು. ‘ಬಂಬೂಕಾಟ್’ ಎಂದರೆ ಮೋಟರ್‌ಸೈಕಲ್. ಎಮ್ಮಿ ವಿರ್ಕ್ ಮತ್ತು ಬಿನ್ನು ಢಿಲ್ಲೋಂ ಅಕ್ಕ-ತಂಗಿಯರನ್ನು ಮದುವೆಯಾದವರು. ಮಾವನ ಮನೆಯಲ್ಲಿ ಒಬ್ಬನಿಗೆ ಮಣೆ, ಇನ್ನೊಬ್ಬನಿಗೆ ಚಾಪೆ. ಎಮ್ಮಿಯ ಹೆಂಡತಿ (ಸಿಮ್ಮಿ ಚಾಹಲ್) ಕಪ್ಪು ಎಂಬ ಕಾರಣಕ್ಕೂ ತವರಲ್ಲಿ ತಾತ್ಸಾರ.

ಇಂಗ್ಲಿಷ್ ಸಬ್‌ಟೈಟಲ್ ಇಲ್ಲಿ ಪೂರ್ತಿ ಸೋಲುತ್ತದೆ, ಕನ್ನಡದವರು ಗೆಲ್ಲುತ್ತಾರೆ. ಹೆಂಡತಿಯ ಸೋದರಿಯ ಗಂಡನಿಗೆ ಪಂಜಾಬಿಯಲ್ಲಿ ‘ಸಾಂಢೂ’ ಎಂಬ ಒಂದೇ ಪದ. ಇಂಗ್ಲಿಷಿನಲ್ಲಿ ಅದಕ್ಕೆ ಪದವಿಲ್ಲ. ನಮ್ಮಲ್ಲಿ ಷಡ್ಡಕ ಇದ್ದಾನೆ, ಅವನ ಜತೆಗಿನ ಒಳಗೊಳಗಿನ ಪೈಪೋಟಿಯೂ ಇದೆ. ಹಾಗೆಯೇ ‘ತಾಇಆ’ ದೊಡ್ಡಪ್ಪ, ‘ಚಾಚಾ’ ಚಿಕ್ಕಪ್ಪ, ‘ಫುಫ್ಫಡ್’ ಸೋದರತ್ತೆಯ ಗಂಡ. ಮದುವೆಮನೆಯಲ್ಲಿ ಮುನಿಸಿಕೊಂಡು ಕೂರುವ ಹಕ್ಕು ಈ ಫುಫ್ಫಡ್‌ಗೆ ಮೀಸಲು, ಅವನ ಮೇಲಿನ ಜೋಕಿಗೆ ಕೊನೆಯಿಲ್ಲ. ಸಬ್‌ಟೈಟಲ್ ಎಲ್ಲರನ್ನೂ ‘ಅಂಕಲ್’ ಮಾಡಿಬಿಡುತ್ತದೆ. ಈ ನಾಲ್ಕು ಪದ ಕಲಿತು ಕೂತರೆ ಅರ್ಧ ಹಾಸ್ಯ ತಾನಾಗಿ ಕೈಗೆ ಬರುತ್ತದೆ. ಅಪ್ಪ-ಅಮ್ಮ, ಅಜ್ಜಿಯ ಜತೆ ನೋಡುವುದಾದರೆ ಇದನ್ನೇ ಹಾಕಿ.

ಹಿಂದಿ ಗೊತ್ತಿದ್ದೂ ಏಕೆ ಅರ್ಥವಾಗುವುದಿಲ್ಲ

ಪಂಜಾಬಿ ಸ್ವರದ ಏರಿಳಿತಕ್ಕೆ ಅರ್ಥ ಬದಲಾಗುವ ಭಾಷೆ. ಪದದ ಮೊದಲಲ್ಲಿ ಬರುವ ಘ, ಝ, ಢ, ಧ, ಭ ಅಕ್ಷರಗಳು ಬರಹದಲ್ಲಿ ಹಾಗೇ ಇರುತ್ತವೆ. ಬಾಯಲ್ಲಿ ಮಹಾಪ್ರಾಣ ಬಿಟ್ಟು ಕ, ಚ, ಟ, ತ, ಪ ಆಗಿ, ದನಿ ತಗ್ಗಿನಿಂದ ಏಳುತ್ತದೆ. ‘ಘರ್’ ಕಿವಿಗೆ ‘ಕರ್’ ಎಂದು ಬೀಳುತ್ತದೆ, ‘ಘೋಡಾ’ ‘ಕೋಡಾ’ ಆಗುತ್ತದೆ, ‘ಭರಾ’ ಅಂದರೆ ಅಣ್ಣ ‘ಪ್ರಾ’ ಆಗುತ್ತಾನೆ. ‘ಢೋಲ್’ ಕೂಡ ‘ಟೋಲ್’. ಇದೊಂದು ಸೂತ್ರ ತಲೆಯಲ್ಲಿದ್ದರೆ ಹಿಂದಿ ಬಲ್ಲವರಿಗೆ ಮೊದಲ ಇಪ್ಪತ್ತು ನಿಮಿಷದಲ್ಲೇ ಪದಗಳು ಬಿಡಿಬಿಡಿಯಾಗಿ ಕೇಳಿಸತೊಡಗುತ್ತವೆ.

ಸದ್ದು, ಸಬ್‌ಟೈಟಲ್: ಕೂರುವ ಮುಂಚೆ

ಢೋಲಿನ ಒಂದು ಬದಿಗೆ ದಪ್ಪ, ಬಾಗಿದ ಕೋಲು, ಅದು ಡಗ್ಗಾ. ಗುಂಯ್ ಎನ್ನುವ ಮಂದ್ರ ಬರುವುದು ಅಲ್ಲಿಂದ. ಇನ್ನೊಂದು ಬದಿಗೆ ತೆಳ್ಳನೆ ಕಡ್ಡಿ, ತಿಲ್ಲಿ. ಚಟಚಟ ಸದ್ದು ಅದರದ್ದು. (ನಮ್ಮ ಡೊಳ್ಳಿಗೆ ಒಂದೇ ಕೋಲು, ಇನ್ನೊಂದು ಕಡೆ ಅಂಗೈ.) ಮೊಬೈಲಿನ ಪುಟ್ಟ ಸ್ಪೀಕರಿಗೆ ಮಂದ್ರ ನುಡಿಸುವ ಶಕ್ತಿ ಇಲ್ಲ. ಡಗ್ಗಾ ಮಾಯವಾಗಿ ತಿಲ್ಲಿ, ‘ತುಂಬಿ’ ಎಂಬ ಒಂಟಿ ತಂತಿಯ ವಾದ್ಯದ ಕೀರಲು ಮಾತ್ರ ಉಳಿಯುತ್ತದೆ. ‘ಪಂಜಾಬಿ ಹಾಡು ಬರೀ ಗದ್ದಲ’ ಎಂಬ ದೂರಿನ ಅರ್ಧ ಪಾಲು ಇದರದ್ದೇ. ಸಾಧಾರಣ ಇಯರ್‌ಫೋನ್ ಹಾಕಿ, ಎಂಟರ ಎಣಿಕೆಗೆ ತೊಡೆ ತಟ್ಟುತ್ತಾ ಕೇಳಿ. ತಾಳ ನೇರ ನಡೆಯುವುದಿಲ್ಲ, ಒಂದಿಷ್ಟು ಓಲಾಡುತ್ತದೆ.

ಟಿವಿಯಲ್ಲಿ ಮಾತು ಪಿಸುಗುಟ್ಟಿ, ಹಾಡು ಬಂದಾಗ ಗೋಡೆ ಅದುರಿದರೆ ಸಾಮಾನ್ಯವಾಗಿ ಆರು ಸ್ಪೀಕರಿಗೆಂದು ಮಾಡಿದ 5.1 ಧ್ವನಿಯನ್ನು ಎರಡೇ ಸ್ಪೀಕರಿನ ಟಿವಿ ನುಡಿಸುತ್ತಿರುತ್ತದೆ. ಆ ಧ್ವನಿಯಲ್ಲಿ ಮಾತು ಇರುವುದು ನಡುವಿನ ಚಾನೆಲ್‌ನಲ್ಲಿ, ಅದು ನಿಮ್ಮ ಟಿವಿಗಿಲ್ಲ. ಆ್ಯಪ್‌ನಲ್ಲೋ ಟಿವಿಯಲ್ಲೋ ಸ್ಟೀರಿಯೊಗೆ ಬದಲಿಸಿ.

ಪಂಜಾಬಿ ಚಿತ್ರಗಳಿಗೆಂದೇ ಚೌಪಾಲ್ ಎಂಬ ಆ್ಯಪ್ ಇದೆ. ದೊಡ್ಡ ಓಟಿಟಿಗಳಲ್ಲೂ ಕೆಲವು ಬಂದು ಹೋಗುತ್ತಿರುತ್ತವೆ. ದುಡ್ಡು ಕೊಡುವ ಮುಂಚೆ ಮೊದಲ ಹಾಡಿನ ತನಕ ಓಡಿಸಿ ನೋಡಲು ಅವಕಾಶವಿದ್ದರೆ ನೋಡಿ: ಮಾತಿಗೆ ಸಬ್‌ಟೈಟಲ್ ಕೊಟ್ಟು ಹಾಡಿಗೆ ಕೈಕೊಡುವುದು ಮಾಮೂಲು. ಅಂಗ್ರೇಜ್‌ಗೆ ಹಾಗಾದರೆ ನಷ್ಟ, ಜಟ್ಟ್ ಆ್ಯಂಡ್ ಜೂಲಿಯೆಟ್‌ಗೆ ಹಾಗಾದರೆ ಪರವಾಗಿಲ್ಲ. ಯೂಟ್ಯೂಬ್‌ನಲ್ಲಿ ಯಾರೋ ಹಾಕಿದ ‘ಪೂರ್ತಿ ಸಿನಿಮಾ’ ನಂಬಬೇಡಿ. ಸಬ್‌ಟೈಟಲ್ ಇರುವುದಿಲ್ಲ, ಎಷ್ಟೋ ಸಲ ಹಾಡನ್ನೇ ಕತ್ತರಿಸಿರುತ್ತಾರೆ.

ಉಳಿದವು

ದಿಲ್‌ಜೀತ್ ಹೆಸರು ಕೇಳಿಯೇ ಬಂದವರು ಈಗ ಕರ್ನಾಟಕದಲ್ಲಿ ಕಡಿಮೆಯಿಲ್ಲ. 2024ರ ಡಿಸೆಂಬರ್ 6ರಂದು ಬೆಂಗಳೂರಲ್ಲಿ ಅವರ ಕಾರ್ಯಕ್ರಮ ಆಯಿತು. ಮರುವರ್ಷ ‘ಕಾಂತಾರ ಅಧ್ಯಾಯ 1’ಕ್ಕೆ ಅಜನೀಶ್ ಲೋಕನಾಥ್ ಸಂಗೀತದಲ್ಲಿ ‘ರೆಬೆಲ್’ ಹಾಡಿದರು. ಅಂಥವರು ಜಟ್ಟ್ ಆ್ಯಂಡ್ ಜೂಲಿಯೆಟ್ ಮುಗಿಸಿ 2021ರ ‘ಹೌಂಸ್ಲಾ ರಖ್’ಗೆ ಹೋಗಬಹುದು. ಒಂಟಿ ಅಪ್ಪ, ಪುಟ್ಟ ಮಗ, ಮತ್ತೆ ಕೆನಡಾ. ಹೆಸರಿನ ಅರ್ಥ ‘ಧೈರ್ಯ ತಗೋ’. ಗಡಿಯಾಚೆಯ ಪಂಜಾಬಿ ಹಾಸ್ಯ ಬೇಕೆಂದರೆ 2019ರ ‘ಚಲ್ ಮೇರಾ ಪುತ್ತ್’, ಇಂಗ್ಲೆಂಡಿನಲ್ಲಿ ಕಾಗದಪತ್ರವಿಲ್ಲದೆ ಬದುಕುವವರ ಕತೆ. ಇಫ್ತಿಖಾರ್ ಠಾಕುರ್, ನಾಸಿರ್ ಚಿನ್ಯೋಟಿಯಂಥ ಪಾಕಿಸ್ತಾನದ ರಂಗದ ಹಾಸ್ಯನಟರು ಅದರಲ್ಲಿ ಚೆಂಡಾಡಿದ್ದಾರೆ. ಪ್ರೇಮಕ್ಕೆ ಮಾತ್ರ ಜಾಗ ಕಡಿಮೆ. 2022ರ ‘ಸೌಂಕಣ್ ಸೌಂಕಣೇ’ಯ ಸೌಂಕಣ್ ಎಂದರೆ ಸವತಿ, ಹೆಂಡತಿಯೇ ತನ್ನ ತಂಗಿಯನ್ನು ಗಂಡನಿಗೆ ತಂದುಕೊಳ್ಳುವ ಕತೆ, ನಗುವುದೋ ಬೇಡವೋ ನೀವೇ ತೀರ್ಮಾನಿಸಿ.

ಎಮ್ಮಿ ವಿರ್ಕ್, ಸರ್ಗುನ್ ಮೆಹ್ತಾ ಇಬ್ಬರೂ ಅಂಗ್ರೇಜ್‌ನಿಂದ ಪರಿಚಯವಾದರು ಎಂದು 2018ರ ‘ಕಿಸ್ಮತ್’ ಹಾಕಿಕೊಳ್ಳುವವರು ಇದ್ದಾರೆ. ಜಾನಿ ಬರೆದು ಬಿ ಪ್ರಾಕ್ ಸಂಗೀತ ಕೊಟ್ಟ ಹಾಡುಗಳು ಅಷ್ಟು ಹಿಡಿಯುತ್ತವೆ. ಆದರೆ ಅದು ಹಾಸ್ಯಚಿತ್ರವಲ್ಲ. ಶುರುವಿನ ಅರ್ಧ ಗಂಟೆ ನಗಿಸಿ, ಆಮೇಲೆ ಮನೆಮಂದಿಯನ್ನೆಲ್ಲ ಅಳಿಸಿ ಕಳಿಸುತ್ತದೆ.